ಸಿದ್ರಾಮಪ್ಪನ ಪ್ರಬಂಧ ಅಚ್ಚಾದದ್ದು

ವೈದ್ಯರ ಸಮ್ಮೇಳನಗಳಲ್ಲಿ ಊಟದ ಮೇಲೆ ಇದ್ದಷ್ಟು ಭಕ್ತಿ ನನಗೆ ಉಪನ್ಯಾಸಗಳ ಮೇಲೆ ಎಂದೂ ಇರಲಿಲ್ಲ. ಆದರೂ ಒಂದು ಕುತೂಹಲ ಉಂಟು. ಅಲ್ಲಿ ಅಷ್ಟು ಗಟ್ಟಿ ದನಿಯಲ್ಲಿ ಓದಿದ ಪ್ರಬಂಧಗಳೆಲ್ಲ ಆಮೇಲೆ ಎಲ್ಲಿ ಹೋಗುತ್ತವೆ? ಓದಿದವರೆಲ್ಲ ‘ಇದು ಬೇಗನೆ ಪತ್ರಿಕೆಯಲ್ಲಿ ಪ್ರಕಟವಾಗಲಿದೆ’ ಎಂದೇ ಹೇಳಿ ಕೂರುತ್ತಾರೆ. ಪತ್ರಿಕೆ ತಿರುವಿದರೆ ಅವರಲ್ಲಿ ಅಪರೂಪಕ್ಕೊಬ್ಬರ ಹೆಸರು ಸಿಕ್ಕರೆ ಪುಣ್ಯ.

ಈ ಕುತೂಹಲ ನನಗೆ ಅಂಟಿದ್ದು ಗೆಳೆಯ ಸಿದ್ರಾಮಪ್ಪನಿಂದ. ನಿಜಾಮರ ಕಾಲ. ನಾನು ಹುಮನಾಬಾದಿನ ದವಾಖಾನೆಯಲ್ಲಿ ಡಾಕ್ಟರ್, ಅವನು ಕಲ್ಯಾಣದಲ್ಲಿ. ಬೇಸಿಗೆ ಬಂತೆಂದರೆ ಇಬ್ಬರಿಗೂ ಒಂದೇ ಕೆಲಸ, ನಾರುಹುಣ್ಣು. ಮೆಟ್ಟಿಲು ಬಾವಿಯ ನೀರು ಕುಡಿದವರ ಕಾಲಿನಿಂದ ದಾರದಂಥ ಹುಳ ಇಣುಕುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಾ ಇಷ್ಟಿಷ್ಟೇ ಎಳೆಯಬೇಕು. ಅವಸರಪಟ್ಟರೆ ಹುಳ ಹರಿದು ಕಾಲು ಬಾತುಕೊಳ್ಳುತ್ತದೆ, ಬಿತ್ತನೆಯ ಹೊತ್ತಿಗೆ ಆಳು ಹಾಸಿಗೆ ಹಿಡಿಯುತ್ತಾನೆ.

ಸಿದ್ರಾಮಪ್ಪ ಇದರ ಮೇಲೆ ಪ್ರಬಂಧ ಬರೆದು, ತಲೆಗೆ ಹೊಸ ಮಲ್ಲಿನ ಬಟ್ಟೆಯ ರುಮಾಲು ಸುತ್ತಿಕೊಂಡು, ಹೈದರಾಬಾದಿನ ಸಮ್ಮೇಳನದಲ್ಲಿ ಓದಿದ. ಓದಿದ ಅನ್ನುವುದಕ್ಕಿಂತ ಆಡಿದ. ಹುಳವಾದ, ಬಾವಿಯಾದ, ಕುಂಟುವ ರೋಗಿಯೂ ಆದ. ಸಭೆ ಚಪ್ಪಾಳೆಯಿಂದ ತುಂಬಿಹೋಯಿತು. ಊಟಕ್ಕೆ ಮೊದಲಿನ ಕೊನೆಯ ಪ್ರಬಂಧ ಅದೇ ಆಗಿದ್ದದ್ದೂ ಒಂದು ಕಾರಣವಿದ್ದೀತು. ನಾನು ಅವನಿಗೆ ಅದನ್ನು ಹೇಳಲಿಲ್ಲ. ಅಧ್ಯಕ್ಷರು ಬೆನ್ನು ತಟ್ಟಿ, ಪತ್ರಿಕೆಗೆ ಕಳಿಸಿ ಅಂದರು.

ಅಲ್ಲಿಂದ ಶುರುವಾಯಿತು ಗೋಳು. ಕಲ್ಯಾಣದ ಬಜಾರಿನಲ್ಲಿ ಕಂಡವರೆಲ್ಲ, “ಡಾಕ್ಟರ್ ಸಾಹೇಬ್ರ, ಛಾಪಾ ಆತೇನ್ರಿ?” ಎಂದು ಕೇಳುವವರೇ. ಇವನಿಗೋ ಬರೆಯಲು ಕೂತರೆ ಕೈ ಓಡದು. ವೇದಿಕೆಯ ಮೇಲೆ ಎರಡೂ ತೋಳು ಚಾಚಿ ‘ಇಷ್ಟು ಮಂದಿ’ ಅಂದಿದ್ದ. ಕಾಗದಕ್ಕೆ ತೋಳು ಎಲ್ಲಿಂದ ತರುವುದು? ಹುಮನಾಬಾದಿಗೆ ಬಂದಾಗಲೆಲ್ಲ ನಮ್ಮ ಮನೆಯ ಪಡಸಾಲೆಯಲ್ಲಿ ಬರೆಯುತ್ತಿದ್ದ, ಹೊಡೆದು ಹಾಕುತ್ತಿದ್ದ. ನನ್ನ ಹೆಂಡತಿ ಒಮ್ಮೆ ಚಹಾ ತಂದಿಟ್ಟು ಅಂದಳು: “ಅಣ್ಣಾರ, ಎಮ್ಮಿ ಸುದ್ದಾ ಈಯಾಕ ಇಷ್ಟು ದಿನ ತಗೊಳ್ಳಂಗಿಲ್ಲ್ರಿ.”

ನಾನು ಅವನನ್ನು ಸಮಾಧಾನ ಮಾಡಲು ಇತಿಹಾಸ ತೆಗೆದೆ. ನಿನ್ನ ಕಲ್ಯಾಣದಲ್ಲೇ ಶರಣರು ಸೇರಿ ಎಷ್ಟು ಮಾತಾಡಿದ್ದರು, ಅದೆಲ್ಲ ಓಲೆಗರಿಗೆ ಏರಿತೇನು, ಎಂದೆ. “ಅವ್ರಿಗೆ ಸಂಪಾದಕರ ಕಾಟ ಇರಲಿಲ್ಲೋ ಮಾರಾಯಾ!” ಅಂದ.

ಕೊನೆಗೂ ಪ್ರಬಂಧ ಹೋಯಿತು, ಬಹು ಬೇಗ ತಿರುಗಿಯೂ ಬಂತು. ನೀರು ಸೋಸಿ ಕುಡಿದರೆ ರೋಗ ನಿಲ್ಲುತ್ತದೆ ಎಂದು ಬರೆದಿದ್ದೀರಿ, ಯಾವ ಊರಲ್ಲಿ ಮಾಡಿ ನೋಡಿದ್ದೀರಿ ಎಂದು ಸಂಪಾದಕರು ಕೇಳಿದ್ದರು. ಸಿದ್ರಾಮಪ್ಪ ಉರಿದುಬಿದ್ದ. ಸಿಟ್ಟು ಇಳಿದ ಮೇಲೆ, “ನಡಿ, ಹುಡಗಿಗೆ ಹೋಗೂಣು” ಅಂದ.

ಹುಡಗಿ ಹುಮನಾಬಾದಿನ ಮಗ್ಗುಲ ಊರು. ಆ ಬೇಸಿಗೆ ಅಲ್ಲಿ ಮನೆಮನೆಯಲ್ಲೂ ಒಬ್ಬರು ಕಾಲು ಚಾಚಿ ಕೂತಿದ್ದರು. ಬಾವಿಯ ಕಟ್ಟೆಯ ಮೇಲೆ ನಿಂತು ಸಿದ್ರಾಮಪ್ಪ ಹೈದರಾಬಾದಿನ ಭಾಷಣವನ್ನೇ ಕನ್ನಡದಲ್ಲಿ ಮಾಡಿದ. ಜನ ಬಿದ್ದು ಬಿದ್ದು ನಕ್ಕರು. ನಗು ನಿಂತ ಮೇಲೆ ಕುರಿ ಕಾಯುವ ಮಲ್ಲವ್ವ ಎದ್ದಳು. ಅವಳ ಗಂಡ ಹುಣ್ಣಿನ ಕಾಲು ಹಿಡಿದು ಮಲಗಿದ್ದ.

“ಸೋಸ್ರಿ ಅಂತೀರಲ್ಲ ಸಾಹೇಬ್ರ, ಅರಿವಿ ಎಲ್ಲಿಂದ ತರೂಣ್ರಿ? ಉಟ್ಟಿದ್ದು ಬಿಟ್ರ ನಂಗ ಇನ್ನೊಂದು ಸೀರಿ ಇಲ್ಲ.”

ಹೈದರಾಬಾದಿನಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಸಿದ್ರಾಮಪ್ಪ ಕೈ ಮೇಲೆತ್ತಿ ರುಮಾಲು ಬಿಚ್ಚತೊಡಗಿದ. ಅದು ಮುಗಿಯಲೊಲ್ಲದು. ಹರಿದು ಹರಿದು ತುಂಡು ಹಂಚಿದ. ರುಮಾಲಿಲ್ಲದ ಬೋಳು ತಲೆಯನ್ನು ಊರು ಮೊದಲ ಸಲ ನೋಡಿತು. ಈ ಸಲ ಯಾರೂ ನಗಲಿಲ್ಲ. ಊರ ಗೌಡರು ಮನೆಗೆ ಹೋಗಿ ತಮ್ಮ ಹಳೆಯ ಧೋತರಗಳನ್ನು ತಂದು ಹಾಕಿದರು.

ಮರುವರ್ಷದ ಬೇಸಿಗೆಯಲ್ಲಿ ಹುಡಗಿಯಿಂದ ದವಾಖಾನೆಗೆ ಬಂದವರು ತೀರ ಕಡಿಮೆ. ಮಲ್ಲವ್ವನ ಗಂಡ ಕುರಿಗಳ ಹಿಂದೆ ಓಡಾಡುತ್ತಿದ್ದ. ಸಿದ್ರಾಮಪ್ಪ ಅದನ್ನೂ ಸೇರಿಸಿ, ಒಂದೇ ಉಸಿರಿನಲ್ಲಿ ಬರೆದು ಕಳಿಸಿದ. ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂದು ಕಾಗದಕ್ಕೆ ಬರ ಬಿದ್ದಿತ್ತು. ಪತ್ರಿಕೆ ಸೊರಗಿ ಸೊರಗಿ ನಿಂತೇ ಹೋಯಿತು. ಅವನು ಬಜಾರಿನ ದಾರಿ ಬಿಟ್ಟು ಓಣಿಯಲ್ಲಿ ನಡೆಯತೊಡಗಿದ.

ಯುದ್ಧ ಮುಗಿಯುವ ಹೊತ್ತಿಗೆ ಒಮ್ಮೆ ಇಬ್ಬರೂ ನಿರ್ಣಾ ಎಂಬ ಊರಿಗೆ ಹೋಗಿದ್ದೆವು. ಬಾಯಾರಿ ಒಂದು ಮನೆಯ ಮುಂದೆ ನೀರು ಕೇಳಿದೆವು. ಸೊಸೆಯೊಬ್ಬಳು ಬಂದು ಚರಿಗೆಯ ಬಾಯಿಗೆ ಬಟ್ಟೆ ಕಟ್ಟಿ ನೀರು ಸುರಿಯತೊಡಗಿದಳು. ಅದು ಯಾಕವ್ವಾ ಎಂದು ಸಿದ್ರಾಮಪ್ಪ ಕೇಳಿದ. ಆಕೆ ಇಡೀ ಪ್ರಬಂಧವನ್ನೇ ಒಪ್ಪಿಸಿದಳು. ಹುಳ, ಬಾವಿ, ಕುಂಟು ಕಾಲು, ಯಾವುದೂ ಬಿಟ್ಟುಹೋಗಿರಲಿಲ್ಲ.

“ಇದೆಲ್ಲಾ ಯಾರು ಹೇಳಿದ್ರವ್ವಾ?” ಅವನ ದನಿಯಲ್ಲಿ ಆಸೆ ಇತ್ತು.

“ಚಿಟಗುಪ್ಪದ ನಮ್ಮ ಬೀಗರು ಹೇಳ್ಯಾರ್ರಿ.”

ಅವನು ನನ್ನ ಕಡೆ ತಿರುಗಿ, “ನನ್ನ ಹೆಸರೇ ಇಲ್ಲಲ್ಲೋ!” ಎಂದು ಪಿಸುಗುಟ್ಟಿದ. ಮತ್ತೆ ತಡೆಯಲಾರದೆ, “ಎರಡು ಪದರ ಸಾಕವ್ವಾ, ನೀ ನಾಕು ಮಾಡಿಯಲ್ಲ” ಅಂದ.

“ನಾಕು ಇದ್ರ ಚಲೋ ಅಂತ ನಮ್ಮತ್ತಿ ಅಂದಾರ್ರಿ.”

ಸಂಪಾದಕರು ಒಂದು ಅಕ್ಷರ ಕತ್ತರಿಸಿದರೂ ಊಟ ಬಿಡುತ್ತಿದ್ದ ಸಿದ್ರಾಮಪ್ಪ, ಕಾಣದ ಆ ಅತ್ತೆಯ ತಿದ್ದುಪಡಿಯನ್ನು ತಲೆಯಾಡಿಸಿ ಒಪ್ಪಿಕೊಂಡು, ಇನ್ನೊಂದು ಚರಿಗೆ ನೀರು ಕೇಳಿದ.