ಪಕ್ಕದ ಮನೆಯವರ ಕಾಲುಕುಣಿಕೆ

ಪ್ರಣತಿ, ಆದಿ, ಹೋದ ಭಾನುವಾರ ಗರಾಜಿನಲ್ಲಿ ನಿಮಗೆ ಸಿಕ್ಕ ಹಸಿರು ಪಟ್ಟಿಯನ್ನು ಸೂಟ್‌ಕೇಸು ಕಟ್ಟುವುದೆಂದು ಹೇಳಿಬಿಟ್ಟೆ. ಎಲ್ಲರೆದುರು ಹೆಚ್ಚು ಮಾತಾಡಲು ನನಗೆ ಸಂಕೋಚ. ಅದನ್ನು ಮೂಗಿಗೆ ಹಿಡಿದರೆ ಈಗಲೂ ನೀಲಗಿರಿಯ ವಾಸನೆ... ನನಗೆ ಹಾಗನ್ನಿಸುತ್ತದೆಯೋ ಏನೋ.

ಎಂಬತ್ತರ ದಶಕದಲ್ಲಿ ನಾವು ಹೇವರ್ಡ್‌ನಲ್ಲಿದ್ದೆವು. ನಿಮ್ಮ ತಾತ ಫ್ರೀವೇ ಹಿಡಿದು ಸಾಂಟಾ ಕ್ಲಾರಾಗೆ ಕೆಲಸಕ್ಕೆ ಹೋದರೆ ಸಂಜೆಯವರೆಗೆ ನಾನು, ತೊಟ್ಟಿಲಲ್ಲಿ ನಿಮ್ಮಪ್ಪ. ಪಕ್ಕದ ಮನೆಯಲ್ಲಿ ಅರವತ್ತು ದಾಟಿದ ಅಮೆರಿಕನ್ ಹೆಂಗಸೊಬ್ಬರಿದ್ದರು. ಒಮ್ಮೆ ಅವರ ಅಂಗಳದಲ್ಲಿ ನನ್ನ ಕಾಲು ಅವರಿಗೆ ತಗುಲಿ, ನಾನು ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಾಗ ಬೆಚ್ಚಿಬಿದ್ದಿದ್ದರು. ಅದು ಕ್ಷಮೆ ಕೇಳುವ ರೀತಿ ಎಂದು ತಿಳಿಸುವಷ್ಟರಲ್ಲಿ ನನಗೆ ಬರುವ ಇಂಗ್ಲಿಷೆಲ್ಲ ಮುಗಿದುಹೋಯಿತು.

ಆ ಚಳಿಗಾಲ ಅವರ ಗಂಡ ತೀರಿಕೊಂಡರು. ಆತ ಬಿಲ್ಲು ಹಿಡಿದು ಜಿಂಕೆ ಬೇಟೆಗೆ ಹೋಗುತ್ತಿದ್ದವರು. ಸೊಂಟದ ಕೆಳಗೆ ಜೋಲಿಯಂಥ ಅಗಲ ಪಟ್ಟಿ ಹಾಕಿ, ಅದನ್ನು ಕಾಂಡಕ್ಕೆ ಬಿಗಿದು, ಇಡೀ ದಿನ ಮರದ ಮೇಲೆ ಕೂರುತ್ತಿದ್ದರಂತೆ. ಬೇಸಿಗೆಯ ಕೊನೆಗೆ ಬೇಟೆಯ ಕಾಲ ಬಂದಾಗ, ಆ ಮರಕ್ಕೇ ತಾವೂ ಹೋಗಬೇಕೆಂದು ಈಕೆ ಹಟ ಹಿಡಿದರು. ಬೇಟೆಯ ಸಾಮಾನೆಲ್ಲ ಮಾರಿಬಿಡು ಎಂದು ಅವರ ಮಗ ಫೋನಿನಲ್ಲಿ ಗದರುತ್ತಿದ್ದ. ಹಿತ್ತಲ ನೀಲಗಿರಿ ಮರ ಹತ್ತಿ ಇಳಿಯಲಾಗದಿದ್ದರೆ ಮಾರುತ್ತೇನೆ ಎಂದು ಇವರು ಮಾತು ಕೊಟ್ಟಿದ್ದರು.

ಮರ ಹತ್ತಲು ಮೆಟ್ಟಿಲಿದ್ದ ಕಬ್ಬಿಣದ ನಾಲ್ಕು ಗಿಡ್ಡ ಕೋಲುಗಳಿದ್ದವು. ಒಂದರ ಮೇಲೊಂದರಂತೆ ಕಾಂಡಕ್ಕೆ ಬಿಗಿಯಬೇಕು. ಗಂಡ ನಾಲ್ಕನ್ನೂ ಹೊರುತ್ತಿದ್ದರು, ಇವರಿಗೆ ಭಾರ. ಎರಡೇ ಕೋಲು ಒಯ್ದು, ನಡುವಿನ ಅಂತರಕ್ಕೆ ಕಾಲಿಡುವ ಕುಣಿಕೆಗಳ ಪಟ್ಟಿ ಇಳಿಬಿಟ್ಟರೆ ಹಗುರ. ಅದಕ್ಕೆ ಏಡರ್ ಎನ್ನುತ್ತಿದ್ದರು. ಯಾವುದು ಸರಿ ಎಂದು ದಿನವೂ ಬೇಲಿಯ ಬಳಿ ನನ್ನನ್ನು ಕೇಳುವರು. ಊರಲ್ಲಿ ನನ್ನ ಸೋದರಮಾವ ತೆಂಗಿನ ಮರದಿಂದ ಬಿದ್ದು ಮತ್ತೆ ಎದ್ದು ನಡೆಯಲಿಲ್ಲ. ನನಗೆ ಎರಡೂ ಬೇಡವಾಗಿತ್ತು.

ಅವರು ಹತ್ತಿ ನೋಡುವ ದಿನ ನಾನೂ ಅಲ್ಲಿರುತ್ತೇನೆ ಎಂದಾಗ ನಿಮ್ಮ ತಾತ ನಕ್ಕರು.

"ನೀನಲ್ಲಿ ನಿಂತ್ಕೊಂಡು ಏನೇ ಮಾಡ್ತೀಯ? ಬಿದ್ರೆ ಸೆರಗಲ್ಲಿ ಹಿಡೀತೀಯಾ?"

ಅವರು ಎರಡೇ ಕೋಲು ಕಟ್ಟಿದರು. ಕೆಳಗಿನದನ್ನು ಹತ್ತಿ, ಮೇಲಿನದರಿಂದ ತೂಗುತ್ತಿದ್ದ ಕುಣಿಕೆಗೆ ಬಲಗಾಲಿಟ್ಟರು. ಪಟ್ಟಿ ಕಾಂಡದ ಪಕ್ಕಕ್ಕೆ ಸರಿಯಿತು, ಬೂಟು ಕುಣಿಕೆಯಲ್ಲಿ ಸಿಕ್ಕಿತು, ಎಡಗಾಲು ಕೋಲಿನಿಂದ ಜಾರಿತು. ಸೊಂಟಕ್ಕೂ ಮರಕ್ಕೂ ಸುತ್ತಿದ್ದ ಬೆಲ್ಟೊಂದೇ ಅವರನ್ನು ಹಿಡಿದಿತ್ತು. ಎಡಗಾಲು ಗಾಳಿಯಲ್ಲಿ ತಡಕಾಡುತ್ತಿತ್ತು. ತೊಗಟೆ ಉದುರಿ ನನ್ನ ಮುಖದ ಮೇಲೆ ಬೀಳುತ್ತಿತ್ತು. ಕೂಗಿದರೆ ಕೇಳುವವರಿಲ್ಲ. ಸೆರಗು ಸಿಕ್ಕಿಸಿ ಕೆಳಗೆ ಹೋಗಿ ನಿಂತು, ಹೆಗಲು ತಟ್ಟಿ ತೋರಿಸಿದೆ.

"ನೋ ಹನೀ, ಐ ಆಮ್ ಹೆವಿ."

"ಐ ಆಮ್ ಸ್ಟ್ರಾಂಗ್. ಪುಟ್."

ಎಡಗಾಲನ್ನು ನನ್ನ ಹೆಗಲ ಮೇಲಿಟ್ಟರು. ಮರ ತಬ್ಬಿಕೊಂಡೆ. ಮೇಲೆ ಬೂಟು ಬಿಡಿಸಿಕೊಳ್ಳುವ ಸದ್ದು... ಎಷ್ಟು ಹೊತ್ತೋ. ಕೊನೆಗೆ ಕೆಳಗಿನ ಕೋಲು ಕಾಲಿಗೆ ಸಿಕ್ಕಿ, ಮೆಲ್ಲಗೆ ಇಳಿದರು.

ಇಬ್ಬರೂ ಬುಡದಲ್ಲಿ ಕುಸಿದು ಕೂತೆವು. ಆಮೇಲೆ ಅವರು ಕೈ ಚಾಚಿ ನನ್ನ ಹೆಗಲು ಮುಟ್ಟಿ, ಆ ಬೆರಳುಗಳನ್ನು ತಮ್ಮ ಕಣ್ಣಿಗೊತ್ತಿಕೊಂಡರು. ಎಡಗೈಯಲ್ಲಿ.

ಮರುದಿನ ನಾಲ್ಕೂ ಕೋಲು ಕಟ್ಟಿ, ಹತ್ತಿ ಇಳಿದರು. ಕಾಡಿನಲ್ಲಿ ಎರಡು ಸಲ ನಡೆದಾದರೂ ನಾಲ್ಕನ್ನೂ ಹೊರುತ್ತೇನೆ ಎಂದರು. ಕುಣಿಕೆಯ ಆ ಹಸಿರು ಪಟ್ಟಿಯನ್ನು ನನ್ನ ಕೈಗಿಟ್ಟರು.

ಕಾಡಿಗೆ ಹೋದ ದಿನ, ಅವರ ಟ್ರಕ್ಕು ತಿರುಗಿ ಬರುವವರೆಗೂ ನಾನು ಕಿಟಕಿ ಬಿಟ್ಟು ಕದಲಲಿಲ್ಲ. ಜಿಂಕೆ ತಂದಿರಲಿಲ್ಲ. ಬಾಣವನ್ನೇ ಬಿಡಲಿಲ್ಲವಂತೆ. ಅಲ್ಲಿ ಕೂತರೆ ಗಂಡನಿಗೆ ಏನೆಲ್ಲ ಕಾಣುತ್ತಿತ್ತೆಂದು ನೋಡಿಕೊಂಡು ಬಂದೆ ಎಂದರು.

ಮುಂದೆ ಮಗನ ಊರಿಗೆ ಹೋದರು. ಕೆಲವು ವರ್ಷ ಕಾರ್ಡು ಬರುತ್ತಿತ್ತು, ಆಮೇಲೆ ನಿಂತಿತು... ಏನಾದರೆಂದು ತಿಳಿಯಲಿಲ್ಲ.

ತಾತ ಹೋದ ಮೇಲೆ, ನಿಂತಲ್ಲೇ ನಿಂತಿರುವ ಅವರ ಕಾರಿನಲ್ಲಿ ನಾನು ಕೂತಿರುವುದನ್ನು ಕಂಡು "ಅಜ್ಜಿ, ವೇರ್ ಆರ್ ಯು ಗೋಯಿಂಗ್?" ಎಂದು ಕೇಳುತ್ತೀರಿ. ಎಲ್ಲಿಗೂ ಇಲ್ಲ ಮಕ್ಕಳೇ. ಅಲ್ಲಿಂದ ತಾತನಿಗೆ ಏನು ಕಾಣುತ್ತಿತ್ತೋ ನೋಡುತ್ತೇನೆ.

ಓದಲು ಬಾರದಿದ್ದರೆ ಅಪ್ಪನ ಕೈಲಿ ಓದಿಸಿ. ಓದಿದ ಮೇಲೆ ಈ ಹಾಳೆಗಳನ್ನು ಆ ಹಸಿರು ಪಟ್ಟಿಯಲ್ಲೇ ಸುತ್ತಿ ಜೋಪಾನವಾಗಿಡಿ.