ಅಳಿಯಂದ್ರ ಕುಡಿತ

ನನ್ನ ಅತ್ತೆಯ, ಅಂದರೆ ಹೆಂಡತಿಯ ತಾಯಿಯ, ಬಲಗೈ ತೋರುಬೆರಳಿನ ತುಂಬ ಕುರಿ ಕಚ್ಚಿದ ಗುರುತುಗಳಿದ್ದವು. ಬಿಂಡಿಗನವಿಲೆ ಕಡೆ ಕುರಿ ಸಾಕಿದವರು. ಕಾಯಿಲೆ ಬಿದ್ದ ಕುರಿಯ ದವಡೆಗೆ ಬೆರಳು ತೂರಿಸಿ, ಬಾಯಿ ತೆರೆಸಿ, ಬಿದಿರಿನ ಗೊಟ್ಟದಲ್ಲಿ ಔಷಧಿ ಹುಯ್ಯುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಕುರಿಗಳ ಮೇಲೆ ಅವರಿಗೆ ಗೌರವವಿತ್ತು. ನನ್ನ ಮೇಲಿರಲಿಲ್ಲ.

ಮಾತಿನಲ್ಲಿ ಮಾತ್ರ ಮರ್ಯಾದೆ ತಪ್ಪಿದವರಲ್ಲ. ನಾಗಮಂಗಲದ ನಮ್ಮ ಮನೆಯ ಮುಂದೆ ನಾನು ಕುಡಿದು ಬಿದ್ದಿದ್ದರೆ, "ಅಳಿಯಂದ್ರು ಮೋರಿಲಿ ದಯಮಾಡ್ಸವ್ರೆ, ಯಾರಾದ್ರೂ ಎತ್ರಪ್ಪಾ" ಎನ್ನುವರು. ಇನ್ನು ಕುಡಿಯುವುದಿಲ್ಲವೆಂದು ನಾನು ದೇವರ ಮುಂದೆ ಕರ್ಪೂರ ಆರಿಸಿ ಆಣೆ ಮಾಡಿದಾಗ ಹೇಳಿದ್ದು: "ಅಳಿಯಂದ್ರ ಆಣೆಗಿಂತ ಕರ್ಪೂರನೇ ವಾಸಿ, ಆರೋವರ್ಗಾದ್ರೂ ಉರೀತದೆ." ಸಂಜೆಗೆ ನಾನು ಬ್ರಾಂದಿ ಅಂಗಡಿಯಲ್ಲಿದ್ದೆ.

ನನ್ನ ಅವ್ವ ಯಾರದೋ ಮಾತು ಕೇಳಿ, ಕುಡಿತ ಬಿಡಿಸಲೆಂದು ಗುಟ್ಟಾಗಿ ಸಾರಿಗೆ ಬೆರೆಸುವ ಪುಡಿ ತಂದಿದ್ದಳು. ಅತ್ತೆ ಅದನ್ನು ತಿಪ್ಪೆಗೆ ಸುರಿದರು. "ಕುರಿಗೂ ನಾವು ಕದ್ದು ಔಸ್ತಿ ಕೊಡಕಿಲ್ಲ. ಕಣ್ಣೆದ್ರುಗೇ ಬಾಯಿ ತೆಗ್ಸಿ ಉಯ್ತೀವಿ." ರಾತ್ರೋರಾತ್ರಿ ಕೈಕಾಲು ಕಟ್ಟಿ ಜೀಪಿನಲ್ಲಿ ಆಸ್ಪತ್ರೆಗೆ ಒಯ್ಯುವವರನ್ನು ಕರೆಸೋಣವೆಂದ ನನ್ನಣ್ಣನಿಗೂ ಅದೇ ಗತಿ. ಕುಡುಕನೇ ಬಾಯಿಬಿಟ್ಟು ಕೇಳಿದರೆ ಮಾತ್ರ ಮೂರು ತಿಂಗಳು ಇಟ್ಟುಕೊಳ್ಳುವ ಚಿಕಿತ್ಸಾ ಕೇಂದ್ರವೊಂದನ್ನು ಅತ್ತೆ ಮೈಸೂರಿಗೆ ತಾವೇ ಹೋಗಿ ನೋಡಿಬಂದಿದ್ದರು. "ಸೇರ್ತೀನಿ ಅನ್ನಿ, ನಿಮ್ಮನ್ನ ಕರ್ಕೊಂಡೋಯ್ತೀನಿ. ಇಲ್ಲ ಅನ್ನಿ, ಮಗಳ್ನ ಕರ್ಕೊಂಡೋಯ್ತೀನಿ." ಒಳಗೆ ಹೆಂಡತಿ ಬಟ್ಟೆ ಮಡಚುತ್ತಿದ್ದಳು. ಯಾರ ಬಟ್ಟೆಯೆಂದು ಇಣುಕಿದೆ. ಅವಳದೇ. ಸೇರುತ್ತೇನೆ ಎಂದೆ.

"ಟ್ರೈನಿಂಗಿಗೆ ಓಯ್ತಾವ್ನೆ ಅನ್ನಿ ಅತ್ತೆ, ಮಾನ ಓಯ್ತದೆ" ಎಂದು ಅಣ್ಣ ಬಸ್‌ಸ್ಟ್ಯಾಂಡಿನವರೆಗೂ ಪಿಸುಗುಟ್ಟುತ್ತ ಬಂದ. ನಾನು ಮೋರಿಯಲ್ಲಿ ಬಿದ್ದಾಗ ಹೋಗದ ಮಾನ ಅವನಿಗೆ ಆಸ್ಪತ್ರೆಯೆಂದರೆ ಹೋಗುತ್ತಿತ್ತು. ಬಸ್ಸು ಹತ್ತಿದ್ದೇ ಅತ್ತೆ ಕಂಡಕ್ಟರಿಗೆ, ಕೊನೆಯ ಸೀಟಿಗೂ ಕೇಳುವಂತೆ ಹೇಳಿದರು: "ನಮ್ಮಳಿಯಂದ್ರು ಕುಡ್ತ ಬುಡಕೆ ಆಸ್ಪತ್ರೆ ಸೇರ್ತಾವ್ರೆ. ಕಿಟಕಿ ತಾವ ಜಾಗ ಮಾಡ್ಕೊಡಿ, ವಾಂತಿ ಮಾಡ್ಕತಾರೆ." ಅವರ ಕತ್ತು ಹಿಸುಕುವಷ್ಟು ಸಿಟ್ಟು ಬಂತು. ಪಾಂಡವಪುರ ದಾಟಿದರೂ ತಲೆಯೆತ್ತಲಿಲ್ಲ. ಆದರೆ ಕೇಂದ್ರದಲ್ಲಿ, ಯಾಕೆ ಬಂದಿರಿ ಎಂದು ಕೇಳಿದಾಗ ಮುಚ್ಚಿಡಲು ಏನೂ ಉಳಿದಿರಲಿಲ್ಲ. ಕುಡುಕ, ಸೇರಿಸಿಕೊಳ್ಳಿ ಎಂದೆ.

ಹೋದ ವರ್ಷ ಅತ್ತೆ ತೀರಿಕೊಂಡರು. ತಿಥಿಯ ಬಾಡೂಟದ ದಿನ ನೆಂಟನೊಬ್ಬ ಲೋಟ ಚಾಚಿದ: "ಅತ್ತೆ ಎಸ್ರಲ್ಲಿ ಒಂದ್ ಗುಟ್ಕು ತಕಳ್ಲಾ, ಏನಾಗಕಿಲ್ಲ." ನಾನು ಕುಡುಕ, ಮೂರು ತಿಂಗಳು ಆಸ್ಪತ್ರೆಯಲ್ಲಿದ್ದು ಬಂದವನು, ಮುಟ್ಟುವುದಿಲ್ಲ ಎಂದು ಪಂಕ್ತಿಗೆಲ್ಲ ಕೇಳುವಂತೆ ಹೇಳಿದೆ. ಅಣ್ಣ ಹಲ್ಲು ಕಡಿದ. "ನಿಂಗೆ ಮಾನ ಅನ್ನೋದೇ ಇಲ್ವೇನ್ಲಾ?"

ಇಲ್ಲ. ಇದ್ದಿದ್ದರೆ ಅತ್ತೆಗಿಂತ ಮೊದಲೇ ನನ್ನ ತಿಥಿಯಾಗಿರುತ್ತಿತ್ತು, ಇದೇ ನೆಂಟರು ನನ್ನ ಹೆಸರಿನಲ್ಲಿ ಕುಡಿದಿರುತ್ತಿದ್ದರು.