ಕರೆಂಟಿಲ್ಲದ ಗುರುವಾರಗಳು

ಮಗಳ ಕಂಪಾಸ್ ಪೆಟ್ಟಿಗೆ ತೆರೆದರೆ ರಬ್ಬರಿನ ಘಮ್ಮೆನ್ನುವ ವಾಸನೆ. ಅವಳಿಗೆ ಅದೆಂದರೆ ಪ್ರಾಣ. ನನಗೆ ಮಾತ್ರ ಪುಣೆಯ ಸದಾಶಿವ ಪೇಠದ ಟ್ಯೂಷನ್ ಸರ್ ನೆನಪಾದರು, ಜೊತೆಗೆ ಹಳೆಯ ಸಿಟ್ಟೂ.

ಇಂಜಿನಿಯರಿಂಗ್ ಓದುವಾಗ ಕಂಪ್ಯೂಟರಿನ ಅಸೆಂಬ್ಲಿ ಭಾಷೆಯ ಪ್ರಾಕ್ಟಿಕಲ್‌ನಲ್ಲಿ ಫೇಲಾಗಿದ್ದೆ. ಇನ್ನೊಮ್ಮೆ ಫೇಲಾದರೆ ವರ್ಷವೇ ಹೋಗುತ್ತಿತ್ತು. ಧಾರವಾಡದ ಕಡೆಯವರೊಬ್ಬರು ಕನ್ನಡದಲ್ಲೇ ಹೇಳಿಕೊಡುತ್ತಾರೆ ಎಂದು ಯಾರೋ ಅಂದರು, ಹೋದೆ. ಪುಣೆಯಲ್ಲಿ ಗುರುವಾರ ದುರಸ್ತಿಗೆಂದು ಕರೆಂಟ್ ತೆಗೆಯುವುದು ಎಲ್ಲರಿಗೂ ಗೊತ್ತು. ಈ ಮಹಾನುಭಾವರು ಬೇಕೆಂದೇ ಗುರುವಾರ ಪಾಠ ಇಟ್ಟುಕೊಂಡಿದ್ದರು! ಮೇಜಿನ ಮೇಲೆ ಪ್ರೋಗ್ರಾಮ್ ನಡೆಸಿ ನೋಡುವ ಅಭ್ಯಾಸದ ಕಿಟ್ ತೆಪ್ಪಗೆ ಬಿದ್ದಿರುತ್ತಿತ್ತು. ಪ್ರೊಸೆಸರ್ ಮಾಡುವ ಕೆಲಸವನ್ನು ನಾವೇ ಮಾಡಬೇಕು. ಒಂದೊಂದು ಆದೇಶವಾದ ಮೇಲೂ ಪ್ರೊಸೆಸರ್ ಸಂಖ್ಯೆಗಳನ್ನಿಡುವ ರಿಜಿಸ್ಟರ್ ಎಂಬ ಖಾನೆಗಳಲ್ಲಿ ಯಾವುದರಲ್ಲಿ ಏನು ಉಳಿಯಿತೆಂದು ಪೆನ್ಸಿಲಿನಲ್ಲಿ ಬರೆಯಬೇಕು, ಅಳಿಸಬೇಕು, ಮತ್ತೆ ಬರೆಯಬೇಕು. ಎರಡು ಸಂಖ್ಯೆ ಕೂಡಿಸಲು ಇಷ್ಟೊಂದು ಗೋಳೇ? ಫ್ಯಾನೂ ಇಲ್ಲದೆ ಬೆವರಿನಲ್ಲಿ ಹಾಳೆ ಕೈಗೆ ಅಂಟುತ್ತಿತ್ತು.

ಕಾಲೇಜಿನ ಕಿಟ್‌ನಲ್ಲಿ ನನ್ನದೊಂದು ಪ್ರೋಗ್ರಾಮ್ ಉತ್ತರ ಕೊಡದೆ ಎಲ್ಲೋ ಕಳೆದುಹೋಗುತ್ತಿತ್ತು. ತಂದು ತೋರಿಸಿದೆ. ಸರ್ ಒಮ್ಮೆ ಕಣ್ಣಾಡಿಸಿ ಹಾಳೆಯನ್ನು ನನ್ನತ್ತಲೇ ತಳ್ಳಿದರು. ಪರೀಕ್ಷೆ ಹತ್ತಿರ ಬಂತು, ಎಲ್ಲಿ ತಪ್ಪಿದೆ ಹೇಳಿಬಿಡಿ ಎಂದು ಅಂಗಲಾಚಿದೆ.

“ತಪ್ಪು ಎಲ್ಲದ ಅಂತ ನನಗ ಗೊತ್ತದ ತಂಗಿ. ನೀನ ಹುಡುಕ್ತಿ ಅನ್ನೋದೂ ಗೊತ್ತದ. ನಾ ಹೇಳಂಗಿಲ್ಲ,” ಅಂದರು.

ಅಳುವೇ ಬಂತು. ದುಡ್ಡು ತೆಗೆದುಕೊಂಡು ಪಾಠ ಹೇಳುವವರು ಹೀಗೂ ಇರುತ್ತಾರೆಯೇ! ಎದ್ದು ಹೋಗೋಣ ಎನಿಸಿತು... ಯಾಕೆ ಕೂತೆನೋ. ಸಂಜೆಯ ಹೊತ್ತಿಗೆ ಸಿಕ್ಕಿತು: ಸ್ಟ್ಯಾಕ್ ಎಂಬ ತಾತ್ಕಾಲಿಕ ಜಾಗದಲ್ಲಿ ಎತ್ತಿಟ್ಟ ಒಂದು ಸಂಖ್ಯೆಯನ್ನು ವಾಪಸ್ ತೆಗೆಯಲು ಮರೆತಿದ್ದೆ. ಪ್ರೋಗ್ರಾಮ್ ಅದನ್ನೇ ಹಿಂದಿರುಗುವ ವಿಳಾಸವೆಂದು ತಿಳಿದು ಹಾಳು ದಾರಿ ಹಿಡಿದಿತ್ತು. ಸರ್ ಶಭಾಷ್ ಕೂಡ ಅನ್ನಲಿಲ್ಲ. ಇನ್ನೊಂದು ಪ್ರೋಗ್ರಾಮ್ ಕೊಟ್ಟು ಚಹಾ ಕುಡಿಯಲು ಒಳಗೆ ಹೋದರು.

ಪರೀಕ್ಷೆಯಲ್ಲಿ ಮತ್ತೆ ಉತ್ತರ ತಪ್ಪು ಬಂತು. ಕಿಟ್ ಬದಿಗೆ ಸರಿಸಿ ಮೊದಲ ಸಾಲಿನಿಂದ ಬರೆಯುತ್ತ ಬಂದೆ. ತಪ್ಪು ಸಿಕ್ಕಿತು, ಪಾಸಾದೆ.

ಸರ್ ತೀರಿಕೊಂಡರೆಂದು ಕಳೆದ ವರ್ಷ ತಿಳಿಯಿತು. ಈಗ ಸಾಫ್ಟ್‌ವೇರ್ ಕೆಲಸದಲ್ಲಿ ನನ್ನ ಕೋಡ್ ತಪ್ಪಾದರೆ ಕಂಪ್ಯೂಟರೇ ಕೆಂಪು ಗೆರೆ ಎಳೆಯುತ್ತದೆ, ಮೀಟಿಂಗಿನಲ್ಲಿ ನಾಲ್ಕು ಜನ ಮುಗಿಬಿದ್ದು ತೋರಿಸುತ್ತಾರೆ. ಗೊತ್ತಿದ್ದೂ ಬಾಯಿಬಿಡದೆ, ಇವಳು ಹುಡುಕಿಯೇ ಹುಡುಕುತ್ತಾಳೆ ಎಂದು ಸುಮ್ಮನೆ ಕಾಯುವವರು ಮಾತ್ರ ಇಲ್ಲ.